ಮೈಯೆಲ್ಲ ನೋವು, ರಿಪೋರ್ಟ್ ನಾರ್ಮಲ್

ಮುಂಬಯಿ ಹತ್ತಿರದ ಬದಲಾಪುರದಲ್ಲಿ ರಕ್ತ ತಪಾಸಣೆಯ ಲ್ಯಾಬುಗಳಿಗೆ ಬರವಿಲ್ಲ. ಸ್ಟೇಷನ್ನಿನ ಪೂರ್ವ, ಪಶ್ಚಿಮ ಎರಡೂ ಕಡೆ, ಮೆಡಿಕಲ್ ಅಂಗಡಿಗಳ ಮಗ್ಗುಲಲ್ಲೇ ಅವುಗಳ ಬೋರ್ಡು. ಬೆಳಗ್ಗೆ ಬರಿಹೊಟ್ಟೆಯಲ್ಲಿ ರಕ್ತ ಕೊಟ್ಟು ಲೋಕಲ್ ಹತ್ತಿದವರು ಸಂಜೆ ಇಳಿದು ಬರುವಾಗ ರಿಪೋರ್ಟ್ ಇಸಿದುಕೊಂಡು ಮನೆಗೆ ಹೋಗುತ್ತಾರೆ. ರಿಪೋರ್ಟ್ ಸರಿಯಿದ್ದರೆ ಯಾರಿಗಾದರೂ ಸಮಾಧಾನವಾಗಬೇಕು. ಆದರೆ ಒಂದು ಬಗೆಯ ರೋಗಿಗಳಿಗೆ ಸಂಕಟ ಶುರುವಾಗುವುದೇ ಅಲ್ಲಿಂದ. ಹಿಮೋಗ್ಲೋಬಿನ್ ಸರಿ, ಸಕ್ಕರೆ ಸರಿ, ಇಎಸ್‌ಆರ್ ಸರಿ, ಬೆನ್ನಿನ ಎಕ್ಸ್‌ರೇಯೂ ಸರಿ. ಹೆಗಲಿನಿಂದ ಹಿಮ್ಮಡಿಯ ತನಕ ನೋವು ಮಾತ್ರ ಇದ್ದಲ್ಲೇ ಇದೆ. "ಎಲ್ಲಿ ನೋವು ಅಂತ ಕೇಳಬೇಡಿ ಡಾಕ್ಟ್ರೇ, ಎಲ್ಲಿ ಇಲ್ಲ ಅಂತ ಕೇಳಿ" ಎನ್ನುವವರು ಇವರು. ಮನೆಯವರ ಸಹನೆ ಅಷ್ಟು ಹೊತ್ತಿಗೆ ತೀರಿರುತ್ತದೆ. "ಡಾಕ್ಟ್ರೇ ಏನೂ ಇಲ್ಲ ಅಂದಮೇಲೆ ಇನ್ನೇನು?" ಎಂಬ ಮಾತು ಅತ್ತೆಯಿಂದಲೋ ಗಂಡನಿಂದಲೋ ಬಂದೇ ಬರುತ್ತದೆ.

ಇಂಥ ನೋವಿಗೆ ವೈದ್ಯಶಾಸ್ತ್ರ ಇಟ್ಟಿರುವ ಹೆಸರು ಫೈಬ್ರೊಮಯಾಲ್ಜಿಯ. ಮೈಯ ಎಡಬಲ, ಸೊಂಟದ ಮೇಲೆ ಕೆಳಗೆ ಎನ್ನದೆ ಕನಿಷ್ಠ ಮೂರು ತಿಂಗಳು ಬಿಡದೆ ಕಾಡುವ ನೋವು, ಎಂಟು ಗಂಟೆ ಮಲಗಿದ್ದರೂ ನಿದ್ದೆಯೇ ಮಾಡಿಲ್ಲವೆನ್ನುವ ಹಾಗೆ ಏಳುವುದು, ಸಣ್ಣ ಕೆಲಸಕ್ಕೂ ಸೋತು ಕೂರುವ ಸುಸ್ತು, ಅಡುಗೆಮನೆಗೆ ಬಂದವರಿಗೆ ಯಾಕೆ ಬಂದೆನೆಂದು ಮರೆತುಹೋಗುವ ಮಂಕು ಇದರ ಮುಖ್ಯ ಲಕ್ಷಣಗಳು. ತಲೆನೋವು, ಹೊಟ್ಟೆಯ ತೊಳಸಾಟ, ಕೈಕಾಲು ಜೋಮು ಹಿಡಿಯುವುದೂ ಜೊತೆಗಿರುತ್ತವೆ. ಜಗತ್ತಿನಲ್ಲಿ ನೂರಕ್ಕೆ 2ರಿಂದ 4 ಮಂದಿಗೆ ಈ ತೊಂದರೆ ಇದೆಯೆಂದು ಅಂದಾಜು. ಹೆಂಗಸರಲ್ಲಿ ಹೆಚ್ಚು. ಗಂಡಸರಿಗೆ ಬರುವುದಿಲ್ಲವೆಂದಲ್ಲ, ಅವರಲ್ಲಿ ಇದನ್ನು ಯಾರೂ ಹುಡುಕುವುದಿಲ್ಲ ಅಷ್ಟೆ. ಅಮೆರಿಕದ ಹಾಡುಗಾರ್ತಿ ಲೇಡಿ ಗಾಗಾ 2017ರಲ್ಲಿ ತಮಗೆ ಈ ಕಾಯಿಲೆ ಇದೆಯೆಂದು ಹೇಳಿಕೊಂಡು ಯುರೋಪಿನ ಕಾರ್ಯಕ್ರಮಗಳನ್ನು ಮುಂದೂಡಿದಾಗ ಎಷ್ಟೋ ಜನ ಈ ಹೆಸರನ್ನು ಮೊದಲ ಸಲ ಕೇಳಿದರು.

ಕಾಯಿಲೆ ಹೊಸದಲ್ಲ. ರಿಪೋರ್ಟಿನಲ್ಲಿ ಕಾಣದ ನೋವಿನ ಮೇಲೆ ಅನುಮಾನ ಪಡುವ ಚಾಳಿಯೂ ಹೊಸದಲ್ಲ. ಆ ಅನುಮಾನದ ಚರಿತ್ರೆಗೂ ರೈಲಿಗೂ ನಂಟಿದೆ. ಲೋಕಲ್ಲನ್ನೇ ನಂಬಿ ಬದುಕುವ ಬದಲಾಪುರದವರಿಗೆ ಅದು ರುಚಿಸೀತು. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಹೊರಟ ರೈಲು 1856ರ ಹೊತ್ತಿಗೆ ಬದಲಾಪುರದ ದಾರಿಯಾಗಿ ಖೊಪೋಲಿಯ ತನಕ ಬಂದಿತ್ತು. ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ ರೈಲು ಅಪಘಾತಗಳೂ ಹೆಚ್ಚಿದ್ದವು. ಬದುಕಿ ಬಂದವರಲ್ಲಿ ಕೆಲವರಿಗೆ ಮೂಳೆ ಮುರಿದಿರಲಿಲ್ಲ, ಗಾಯವಾಗಿರಲಿಲ್ಲ. ಆದರೂ ವಾರಗಳು ಕಳೆದಂತೆ ಬೆನ್ನು, ಕತ್ತು, ಕೈಕಾಲು ನೋವು, ನಿದ್ದೆಗೇಡು, ಮರೆವು ಶುರುವಾಗುತ್ತಿತ್ತು. ಲಂಡನ್ನಿನ ಶಸ್ತ್ರವೈದ್ಯ ಜಾನ್ ಎರಿಕ್ ಎರಿಕ್ಸೆನ್ 1866ರಲ್ಲಿ ಇದರ ಮೇಲೆ ಉಪನ್ಯಾಸಗಳ ಪುಸ್ತಕವನ್ನೇ ತಂದ. ರೈಲಿನ ಕುಲುಕಾಟದಿಂದ ಬೆನ್ನುಹುರಿಗೆ ಕಣ್ಣಿಗೆ ಕಾಣದ ಪೆಟ್ಟಾಗಿದೆ ಎಂಬುದು ಅವನ ವಾದ. ಜನರ ಬಾಯಲ್ಲಿ ಅದು 'ರೈಲ್ವೆ ಸ್ಪೈನ್' ಆಯಿತು. ಪರಿಹಾರ ಕೇಳಿ ಕೋರ್ಟಿಗೆ ಹೋದವರು ಎರಿಕ್ಸೆನ್ನನ ಪುಸ್ತಕವನ್ನು ಮುಂದಿಟ್ಟರೆ, ಅತ್ತ ಕಡೆಗೂ ಒಬ್ಬ ವೈದ್ಯ ಸಿಕ್ಕ. 1883ರಲ್ಲಿ ಹರ್ಬರ್ಟ್ ಪೇಜ್ ಬರೆದ ಪುಸ್ತಕ ಬೆನ್ನುಹುರಿಗೆ ಏನೂ ಆಗಿಲ್ಲ, ಇದು ಮನಸ್ಸಿಗೆ ಬಿದ್ದ ಪೆಟ್ಟು ಎಂದಿತು. ಪೇಜ್ ಯಾರು? ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆ ಕಂಪನಿಯ ಸರ್ಜನ್. ಸಂಬಳ ಕೊಡುವವರ ಋಣ ಅವನ ಬರಹದ ಮೇಲೆ ಇರಲಿಲ್ಲವೆಂದು ನಂಬುವುದು ಕಷ್ಟ. ಆದರೆ ಬೆನ್ನುಹುರಿ ಜಖಂ ಆಗಿಲ್ಲ ಎಂಬ ಅರ್ಧ ಮಾತು ಅವನದೇ ಸರಿಯಿತ್ತು. ನೋವು ನಿಜ ಎಂಬ ಇನ್ನರ್ಧ ಎರಿಕ್ಸೆನ್ನನದು. ಈ ಎರಡು ಅರ್ಧಗಳನ್ನು ಜೋಡಿಸುವುದಕ್ಕೆ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

ನಡುವೆ, 1904ರಲ್ಲಿ, ಲಂಡನ್ನಿನ ನರರೋಗ ವೈದ್ಯ ವಿಲಿಯಂ ಗೋವರ್ಸ್ ಸೊಂಟನೋವಿನ ಬಗ್ಗೆ ಮಾತಾಡುತ್ತ ಸ್ನಾಯುಗಳ ನಾರಿನಲ್ಲಿ ಉರಿಯೂತವಿದೆಯೆಂದು ಊಹಿಸಿ ಇದನ್ನು ಫೈಬ್ರೊಸೈಟಿಸ್ ಎಂದು ಕರೆದ. ಆಮೇಲಿನವರು ಸ್ನಾಯುವಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉರಿಯೂತವೇ ಇಲ್ಲ! 1976ರಲ್ಲಿ ವೈದ್ಯ ಫಿಲಿಪ್ ಹೆಂಚ್ ಈಗಿನ ಹೆಸರು ಕೊಟ್ಟ. ಬಾಂಗ್ಲಾದೇಶ ಮೂಲದ ವೈದ್ಯ ಮುಹಮ್ಮದ್ ಯೂನುಸ್ ಅಮೆರಿಕದ ಪಿಯೋರಿಯ ಊರಿನಲ್ಲಿ ರೋಗಿಗಳನ್ನೂ ಆರೋಗ್ಯವಂತರನ್ನೂ ಅಕ್ಕಪಕ್ಕ ಕೂರಿಸಿ ಹೋಲಿಸಿದರು. 1981ರಲ್ಲಿ ಪ್ರಕಟವಾದ ಅವರ ವರದಿಯಿಂದ ಈ ಕಾಯಿಲೆಗೆ ತನ್ನದೇ ಚಹರೆ ಇದೆ ಎಂಬುದು ಖಚಿತವಾಯಿತು.

ಹಾಗಾದರೆ ಕೆಟ್ಟಿರುವುದು ಏನು? ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದಕ್ಕೆ ಕಣ್ಣಿಗೆ ಕಾಣುವ ಉತ್ತರ ಕೊಟ್ಟಿತು. ರಿಚರ್ಡ್ ಗ್ರೇಸ್ಲಿ ಮತ್ತು ಸಂಗಡಿಗರು 16 ರೋಗಿಗಳನ್ನೂ 16 ಆರೋಗ್ಯವಂತರನ್ನೂ ಒಬ್ಬೊಬ್ಬರಾಗಿ ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಹೆಬ್ಬೆರಳಿನ ಉಗುರನ್ನು ಅಳತೆಯಿಟ್ಟು ಒತ್ತಿದರು. ಇಷ್ಟು ನೋವು ಎಂದು ಹೇಳಲು ಆರೋಗ್ಯವಂತರಿಗೆ 4 ಕಿಲೋಗಿಂತ ಹೆಚ್ಚಿನ ಒತ್ತಡ ಬೇಕಾಯಿತು. ಅಷ್ಟೇ ನೋವಿಗೆ ರೋಗಿಗಳಿಗೆ ಸುಮಾರು ಎರಡೂವರೆ ಕಿಲೋ ಸಾಕಾಯಿತು. ಮುಖ್ಯ ಮಾತೆಂದರೆ, ರೋಗಿಗಳು ನೋವು ಎಂದು ಬಾಯಲ್ಲಿ ಹೇಳಿದ್ದಷ್ಟೇ ಅಲ್ಲ, ಅವರ ಮಿದುಳಿನಲ್ಲಿ ನೋವನ್ನು ಗ್ರಹಿಸುವ ಜಾಗಗಳು ಅದೇ ಹೊತ್ತಿಗೆ ಚುರುಕಾಗಿ ಸಾಕ್ಷಿ ಹೇಳಿದವು. ನಾಟಕವಾಡುವವರು ಮುಖ ಕಿವುಚಬಹುದು, ಮಿದುಳಿನ ರಕ್ತಸಂಚಾರವನ್ನು ಬೇಕಾದಲ್ಲಿಗೆ ಹರಿಸಲಾರರು.

ಅಂದರೆ ತೊಂದರೆ ಇರುವುದು ಮೂಳೆಯಲ್ಲೂ ಅಲ್ಲ, ಕೀಲಿನಲ್ಲೂ ಅಲ್ಲ, ನೋವಿನ ಸುದ್ದಿಯನ್ನು ಹೊತ್ತು ತಂದು ತೂಗಿ ನೋಡುವ ನರವ್ಯವಸ್ಥೆಯಲ್ಲಿ. ಸ್ಟೇಷನ್ನಿನ ಹೊರಗೆ ನಿಲ್ಲಿಸಿದ ಬೈಕುಗಳಲ್ಲಿ ಒಂದೊಂದರ ಅಲಾರಂ ಕಾಗೆ ಕೂತರೂ ಕಿರುಚಿಕೊಳ್ಳುತ್ತದಲ್ಲ, ಹಾಗೆ. ಕಳ್ಳ ಬಂದಿಲ್ಲ ಎಂಬುದು ನಿಜ, ಅಲಾರಂ ಹೊಡೆದುಕೊಳ್ಳುತ್ತಿರುವುದೂ ನಿಜ. ರೋಗಿಗಳ ಬೆನ್ನುಹುರಿಯ ದ್ರವದಲ್ಲಿ ನೋವಿನ ಸುದ್ದಿ ಸಾಗಿಸುವ 'ಸಬ್‌ಸ್ಟೆನ್ಸ್ ಪಿ' ಎಂಬ ರಾಸಾಯನಿಕ ಮಾಮೂಲಿಗಿಂತ ಹೆಚ್ಚಿರುವುದನ್ನು 1990ರ ದಶಕದಲ್ಲೇ ಕಂಡಿದ್ದರು. ಗಾಯದಿಂದಲೂ ಅಲ್ಲದ, ನರ ಕತ್ತರಿಸಿದ್ದರಿಂದಲೂ ಅಲ್ಲದ ಇಂಥ ನೋವಿಗೆ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2017ರಲ್ಲಿ ನೋಸಿಪ್ಲಾಸ್ಟಿಕ್ ಎಂಬ ಮೂರನೆಯ ವರ್ಗವನ್ನೇ ಮಾಡಿತು.

ಅಲಾರಂ ಹೀಗೇಕೆ ಕೆಟ್ಟಿತು ಎಂಬುದಕ್ಕೆ ಒಬ್ಬೊಬ್ಬರಲ್ಲಿ ಒಂದೊಂದು ದಾರಿ. ಮನೆತನದ ಪಾಲಿದೆ: ತಾಯಿಗೋ ಅಕ್ಕತಂಗಿಗೋ ಇದ್ದರೆ ತಮಗೂ ಬರುವ ಸಂಭವ ಹಲವು ಪಟ್ಟು ಹೆಚ್ಚು. ಅಪಘಾತ, ಆಪರೇಷನ್, ಹೆರಿಗೆ, ಸಾವುನೋವು, ವರ್ಷಗಟ್ಟಲೆಯ ಕಿರಿಕಿರಿ ಇವುಗಳ ಬೆನ್ನಿಗೇ ಶುರುವಾದವರಿದ್ದಾರೆ. ಸೋಂಕಿನ ಜ್ವರದ ನಂತರ ಹಿಡಿದುಕೊಂಡವರೂ ಇದ್ದಾರೆ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2006ರ ಚಿಕುನ್‌ಗುನ್ಯ ಹಾವಳಿಯಲ್ಲಿ ಇಡೀ ದೇಶದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳ ಪೈಕಿ ಏಳೂವರೆ ಲಕ್ಷ ಕರ್ನಾಟಕ ಒಂದರವೇ. ಜ್ವರ ವಾರದಲ್ಲಿ ಬಿಟ್ಟರೂ ಗಂಟುಗಂಟಿನ ನೋವು ತಿಂಗಳುಗಟ್ಟಲೆ ಉಳಿದ ಮನೆಗಳು ಊರೂರಿನಲ್ಲೂ ಇದ್ದವು. ಅವರೆಲ್ಲರದೂ ಫೈಬ್ರೊಮಯಾಲ್ಜಿಯ ಅಲ್ಲ, ಹಲವರಿಗೆ ಕೀಲುಗಳೇ ಊದಿದ್ದವು. ಕೆಲವರಲ್ಲಿ ಮಾತ್ರ ಊತ ಇಳಿದು, ರಕ್ತ ಸರಿಹೋಗಿ, ನೋವು ಮೈತುಂಬ ಹರಡಿ ಕೂತಿತು. 2021ರಲ್ಲಿ ಲಂಡನ್, ಲಿವರ್‌ಪೂಲ್, ಸ್ಟಾಕ್‌ಹೋಂಗಳ ಸಂಶೋಧಕರು ರೋಗಿಗಳ ರಕ್ತದಲ್ಲಿನ ಪ್ರತಿಕಾಯಗಳನ್ನು ಇಲಿಗಳಿಗೆ ಚುಚ್ಚಿದಾಗ ಇಲಿಗಳೂ ಒತ್ತಡಕ್ಕೆ, ಚಳಿಗೆ ಅತಿಯಾಗಿ ನೋಯತೊಡಗಿದವು. ಕೆಲವರಲ್ಲಾದರೂ ರೋಗನಿರೋಧಕ ವ್ಯವಸ್ಥೆಯ ಕೈವಾಡವಿದೆ ಎಂಬ ಜಾಡು ಅದರಿಂದ ಸಿಕ್ಕಿದೆ. ಆ ಜಾಡು ಔಷಧಿಯಾಗುವುದಕ್ಕೆ ಇನ್ನೂ ದೂರ ಹೋಗಬೇಕು.

ಈ ಕಾರಣಗಳ ಜೊತೆಗೆ ಬದಲಾಪುರದವರು ಹೆಚ್ಚು ಗಮನಿಸಬೇಕಾದದ್ದು ನಿದ್ದೆ. ಟೊರೊಂಟೊದ ಹಾರ್ವಿ ಮಾಲ್ಡೋಫ್‌ಸ್ಕಿ 1975ರಲ್ಲಿ ಆರೋಗ್ಯವಂತ ಯುವಕರನ್ನು ಪ್ರಯೋಗಾಲಯದಲ್ಲಿ ಮಲಗಿಸಿ, ಗಾಢನಿದ್ದೆಗೆ ಜಾರಿದಾಗಲೆಲ್ಲ ಸದ್ದು ಮಾಡಿ ಕದಡಿದ. ಪೂರ್ತಿ ಎಬ್ಬಿಸಲಿಲ್ಲ, ಆಳಕ್ಕೆ ಇಳಿಯಗೊಡಲಿಲ್ಲ ಅಷ್ಟೆ. ಕೆಲವೇ ರಾತ್ರಿಗಳಲ್ಲಿ ಅವರಿಗೂ ಮೈಕೈ ನೋವು, ಮುಟ್ಟಿದರೆ ನೋಯುವ ಸ್ನಾಯು, ಮಂಕು ಬಂದವು. ಮತ್ತೆ ಗಾಢವಾಗಿ ಮಲಗಲು ಬಿಟ್ಟ ಮೇಲೆ ಅವು ಹೋದವು. ಬದಲಾಪುರದಿಂದ ಮುಂಬಯಿಯ ಸಿಎಸ್‌ಎಂಟಿ ಸ್ಟೇಷನ್ನಿಗೆ 68 ಕಿಲೋಮೀಟರ್. ಹತ್ತು ಗಂಟೆಯ ಆಫೀಸಿಗೆ ಹೊರಡುವ ಹೆಂಗಸು ಡಬ್ಬಿ ಕಟ್ಟಿ, ನೀರು ಹಿಡಿದು, ಮಕ್ಕಳನ್ನು ಎಬ್ಬಿಸಿ ಗಾಡಿ ಹಿಡಿಯಬೇಕಾದರೆ ಕತ್ತಲಿರುವಾಗಲೇ ಏಳಬೇಕು. ಮೂವರ ಸೀಟಿನಲ್ಲಿ ಫೋರ್ತ್ ಸೀಟ್ ಸಿಕ್ಕರೆ ಒಂದು ತೊಡೆಯಷ್ಟೇ ಊರಿ, ಇನ್ನೊಂದು ಕಾಲಿನ ಮೇಲೆ ಮೈಭಾರ ಬಿಟ್ಟು, ಎದುರಿನ ಕಂಬಿ ಹಿಡಿದು ಗಂಟೆಗಟ್ಟಲೆ ಕೂರುವುದು. ಇದರಿಂದಲೇ ಕಾಯಿಲೆ ಬರುವುದಾಗಿದ್ದರೆ ಊರಿಗೆ ಊರೇ ಹಾಸಿಗೆ ಹಿಡಿಯಬೇಕಿತ್ತು. ಆದರೆ ಬರುವ ಗುಣ ಮೈಯಲ್ಲಿ ಇರುವವರಿಗೆ ವರ್ಷಗಟ್ಟಲೆ ಸಾಲದ ನಿದ್ದೆ ಬೆಂಕಿಗೆ ತುಪ್ಪ ಸುರಿದ ಹಾಗೆಯೇ.

ಇನ್ನು ಯಾವ ಡಾಕ್ಟರನ್ನು ಕಾಣಬೇಕು ಎಂಬ ಪ್ರಶ್ನೆ. ಈಗ ಜನ ಮಾಡುವುದೇನು? ಬೆನ್ನು ನೋವೆಂದು ಮೂಳೆ ಡಾಕ್ಟರು, ಜೋಮೆಂದು ನರದ ಡಾಕ್ಟರು, ಎದೆ ಹಿಡಿಯಿತೆಂದು ಹೃದಯದ ಡಾಕ್ಟರು, ಹೊಟ್ಟೆಗೆ ಇನ್ನೊಬ್ಬರು. ಪ್ರತಿಯೊಬ್ಬರೂ ತಮ್ಮ ಪಾಲಿನ ಅಂಗವನ್ನು ನೋಡಿ "ನಮ್ಮ ಕಡೆಯಿಂದ ಏನೂ ಇಲ್ಲ" ಎಂದು ಕಳಿಸುತ್ತಾರೆ. ಹೇಳಿದ್ದು ಸುಳ್ಳಲ್ಲ. ಆದರೆ ಪ್ಲಾಸ್ಟಿಕ್ ಚೀಲದಲ್ಲಿ ಎಂಆರ್‌ಐ ಫಿಲ್ಮುಗಳು ದಪ್ಪವಾಗುತ್ತ ಹೋಗುತ್ತವೆ, ಸಂಬಳ ತೆಳುವಾಗುತ್ತದೆ.

ಶುರು ಮಾಡಬೇಕಾದದ್ದು ಮನೆಯ ಹತ್ತಿರದ ಫ್ಯಾಮಿಲಿ ಡಾಕ್ಟರು ಅಥವಾ ಎಂಡಿ ಫಿಸಿಶಿಯನ್ನರಿಂದ. ಇದೇ ವೇಷ ಹಾಕಿಕೊಂಡು ಬರುವ ಬೇರೆ ಕಾಯಿಲೆಗಳನ್ನು ಮೊದಲು ಪಕ್ಕಕ್ಕಿಡಬೇಕು. ಥೈರಾಯ್ಡ್ ಮಂದವಾದರೆ ಹೀಗೇ ಮೈ ನೋಯುತ್ತದೆ. ಬಿಸಿಲೇ ಬೀಳದ ಫ್ಲ್ಯಾಟಿನಲ್ಲಿದ್ದು, ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವವರಿಗೆ ವಿಟಮಿನ್ ಡಿ ತೀರಾ ಇಳಿದು ಮೂಳೆಯೇ ನೋಯಬಹುದು. ರಕ್ತಹೀನತೆ, ಕೊಲೆಸ್ಟ್ರಾಲಿಗೆ ತಿನ್ನುವ ಸ್ಟ್ಯಾಟಿನ್ ಮಾತ್ರೆ, ಗೊರಕೆ ಹೊಡೆಯುವವರಲ್ಲಿ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇವನ್ನೂ ವಿಚಾರಿಸಬೇಕು. ಸಿಬಿಸಿ, ಇಎಸ್‌ಆರ್, ಸಿಆರ್‌ಪಿ, ಟಿಎಸ್‌ಎಚ್, ಬೇಕಿದ್ದರೆ ವಿಟಮಿನ್ ಡಿ ಮತ್ತು ಸಿಪಿಕೆ ಇಷ್ಟರಲ್ಲೇ ಬಹುಪಾಲು ಕೆಲಸ ಮುಗಿಯುತ್ತದೆ. ಕೀಲು ಊದಿಲ್ಲದಿದ್ದರೂ ಇರಲಿ ಎಂದು ಎಎನ್‌ಎ, ಆರ್‌ಎ ಫ್ಯಾಕ್ಟರ್‌ಗಳ ದುಬಾರಿ ಪ್ಯಾಕೇಜ್ ಮಾಡಿಸುವುದು ದುಡ್ಡು ದಂಡ. ಆರೋಗ್ಯವಂತರಲ್ಲೂ ಅವು ಅಷ್ಟಿಷ್ಟು ಪಾಸಿಟಿವ್ ಬರುವುದರಿಂದ ಹೊಸ ಹೆದರಿಕೆಯನ್ನು ಕೊಂಡು ತಂದಂತಾಗುತ್ತದೆ. ಹೆಸರಿನ ಗೊಂದಲ ಬೇರೆ. ನಟಿ ಸಮಂತಾ 2022ರ ಅಕ್ಟೋಬರಿನಲ್ಲಿ ತಮಗೆ ಮಯೊಸೈಟಿಸ್ ಇದೆಯೆಂದು ತಿಳಿಸಿದ ಮೇಲೆ ಎರಡನ್ನೂ ಒಂದೇ ಎಂದುಕೊಂಡವರಿದ್ದಾರೆ. ಮಯೊಸೈಟಿಸ್‌ನಲ್ಲಿ ಸ್ನಾಯು ನಿಜವಾಗಿಯೂ ಉರಿಯುತ್ತದೆ. ಕುರ್ಚಿಯಿಂದ ಏಳಲು, ಮೆಟ್ಟಿಲು ಹತ್ತಲು ಬಲವೇ ಇರುವುದಿಲ್ಲ, ಸಿಪಿಕೆ ಸಾಮಾನ್ಯವಾಗಿ ಏರಿರುತ್ತದೆ. ಚಿಕಿತ್ಸೆಯೂ ಪೂರಾ ಬೇರೆ.

ಇಷ್ಟಾದ ಮೇಲೆ ಒಂದು ಸಲ ರುಮಟಾಲಜಿಸ್ಟರನ್ನು, ಅಂದರೆ ಸಂಧಿವಾತ ತಜ್ಞರನ್ನು ಕಾಣುವುದು ಒಳ್ಳೆಯದು. ಮೂಳೆ ಡಾಕ್ಟರ ಬೋರ್ಡಿನಲ್ಲೂ ಸಂಧಿವಾತ ಎಂದು ಬರೆದಿರುವುದುಂಟು. ನೋಡಬೇಕಾದದ್ದು ಎಂಡಿ ಮೆಡಿಸಿನ್ ಆದ ಮೇಲೆ ಡಿಎಂ ಅಥವಾ ಡಿಎನ್‌ಬಿ ರುಮಟಾಲಜಿಯಂಥ ಓದು ಇದೆಯೇ ಎಂಬುದನ್ನು. ಈ ತಜ್ಞರು ಹೆಚ್ಚಾಗಿ ದೊಡ್ಡ ನಗರಗಳಲ್ಲೇ ಇರುವುದರಿಂದ ಬದಲಾಪುರದವರು ಠಾಣೆ, ನವಿ ಮುಂಬಯಿ, ಇಲ್ಲವೇ ಪರೇಲಿನ ತನಕ ಹೋಗಬೇಕಾಗುತ್ತದೆ. ಪರೇಲಿನ ಕೆಇಎಂ ಪಾಲಿಕೆಯ ಆಸ್ಪತ್ರೆ, 1926ರದು. ಕೇಸ್ ಪೇಪರ್ ಮಾಡಿಸಿ ಸರದಿಯಲ್ಲಿ ಕಾಯುವ ತಾಳ್ಮೆ ಇದ್ದರೆ ಖರ್ಚು ಕಡಿಮೆ. ಊರಿಗೆ ಹೋದಾಗ ತೋರಿಸುತ್ತೇವೆ ಎನ್ನುವವರಿಗೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲೂ ರುಮಟಾಲಜಿ ವಿಭಾಗವಿದೆ.

ತಜ್ಞರು ಮಾಡುವುದೇನು? ಮೊದಲೆಲ್ಲ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. 1990ರ ಅಮೆರಿಕನ್ ನಿಯಮದಂತೆ ಕತ್ತು, ಹೆಗಲು, ಮೊಣಕೈ, ಪೃಷ್ಠ, ಮೊಣಕಾಲಿನ ಒಳಬದಿ ಸೇರಿ 18 ಜಾಗ. ಒತ್ತುವವರ ಉಗುರು ಬೆಳ್ಳಗಾಗುವಷ್ಟು, ಅಂದರೆ ಸುಮಾರು 4 ಕಿಲೋ ಒತ್ತಡಕ್ಕೆ 11 ಕಡೆ ನೋವಾದರೆ ಕಾಯಿಲೆ ಇದೆಯೆಂದು ಲೆಕ್ಕ. 2010ರಲ್ಲಿ ಬಂದು 2016ರಲ್ಲಿ ತಿದ್ದುಪಡಿಯಾದ ನಿಯಮದಲ್ಲಿ ಒತ್ತುವ ಎಣಿಕೆ ಹೋಗಿ ಕೇಳುವ ಎಣಿಕೆ ಬಂತು. ಕಳೆದ ವಾರ ಮೈಯ 19 ಭಾಗಗಳಲ್ಲಿ ಎಲ್ಲೆಲ್ಲಿ ನೋವಿತ್ತು, ಸುಸ್ತು ಎಷ್ಟು, ನಿದ್ದೆ ಹೇಗೆ, ಮರೆವು ಎಷ್ಟು ಎಂದು ಅಂಕ ಹಾಕುತ್ತಾರೆ. ಜೊತೆಗೆ ಒಂದೊಂದೇ ಕೀಲನ್ನು ಮುಟ್ಟಿ ಊತ ನೋಡುತ್ತಾರೆ. ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಕೀಲೂತದ ಕಾಯಿಲೆ ಇರುವವರಿಗೆ ಫೈಬ್ರೊಮಯಾಲ್ಜಿಯವೂ ಜೊತೆಗೂಡುವುದುಂಟು, ಆಗ ಎರಡನ್ನೂ ಬೇರೆ ಬೇರೆ ಅಳೆಯುವುದಕ್ಕೆ ಪಳಗಿದ ಕೈಯೇ ಬೇಕು. ಪುಣೆಯ ಡಾ. ಅರವಿಂದ ಚೋಪ್ರಾ 1996ರಲ್ಲಿ ಭಿಗವಣ ಎಂಬ ಹಳ್ಳಿಯಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯಲ್ಲಿ ದೊಡ್ಡವರ ಪೈಕಿ ನೂರಕ್ಕೆ 18 ಮಂದಿ ಮೈ–ಕೀಲು ನೋವು ಹೇಳಿಕೊಂಡರು. ರುಮಟಾಯ್ಡ್ ಇದ್ದದ್ದು ನೂರಕ್ಕೆ ಅರ್ಧದಷ್ಟು ಮಾತ್ರ. ನೋವೆಂದರೆ ವಾತ, ವಾತವೆಂದರೆ ಕೈಕಾಲು ಸೊಟ್ಟಗಾಗುವುದು ಎಂದು ಹೆದರಿಸುವವರ ಮುಂದೆ ಈ ಲೆಕ್ಕ ಇಡಬಹುದು.

ಕಾಯಿಲೆ ಇದೇ ಎಂದು ಗೊತ್ತಾದ ಮೇಲೆ ತಿಂಗಳಿಗೊಮ್ಮೆ ಪರೇಲಿಗೆ ಓಡುವ ಅಗತ್ಯ ಬಹುತೇಕರಿಗೆ ಇಲ್ಲ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2016ರಲ್ಲಿ ಎಲ್ಲ ಚಿಕಿತ್ಸೆಗಳನ್ನೂ ಜಾಲಾಡಿ ನೋಡಿ ಬಲವಾಗಿ ಶಿಫಾರಸು ಮಾಡಿದ್ದು ಒಂದನ್ನೇ, ವ್ಯಾಯಾಮ. ಅದಕ್ಕೆ ಬದಲಾಪುರ ಸಾಕು. ಸೊಸೈಟಿಯ ಕಾಂಪೌಂಡಿನಲ್ಲಿ ಹತ್ತು ನಿಮಿಷದ ನಡಿಗೆಯಿಂದ ಶುರು ಮಾಡಿ, ಎರಡು ವಾರಕ್ಕೆ ಎರಡು ಮೂರು ನಿಮಿಷ ಸೇರಿಸುತ್ತ ಹೋಗಬೇಕು. ಒಂದು ದಿನ ಉಮೇದಿ ಬಂತೆಂದು ಗಂಟೆ ನಡೆದು ಮೂರು ದಿನ ಮಲಗುವುದೇ ಎಲ್ಲರೂ ಬೀಳುವ ಗುಂಡಿ. ಹತ್ತಿರದ ಫಿಸಿಯೋಥೆರಪಿಸ್ಟರು ಈ ಲೆಕ್ಕ ಹಾಕಿಕೊಡಬಲ್ಲರು. ದೊಡ್ಡ ಸಲಹೆ ಬೇಕಿದ್ದರೆ ಮುಂಬಯಿಯ ಹಾಜಿ ಅಲಿಯಲ್ಲಿ 1955ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಭೌತಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆ ಇದೆ. ಮನೋವೈದ್ಯರ ಹೆಸರೆತ್ತಿದರೆ "ನನಗೇನು ಹುಚ್ಚಾ?" ಎಂದು ಸಿಡುಕುವವರು ಒಂದು ವಿಷಯ ತಿಳಿದಿರಬೇಕು. ಡುಲೊಕ್ಸೆಟಿನ್, ಅಮಿಟ್ರಿಪ್ಟಿಲಿನ್ ಖಿನ್ನತೆಯ ಮಾತ್ರೆಗಳಾಗಿ ಬಂದವು ನಿಜ, ಆದರೆ ನೋವಿನ ಸುದ್ದಿಯನ್ನು ತಗ್ಗಿಸುವ ನರಮಾರ್ಗಗಳ ಮೇಲೂ ಅವು ಕೆಲಸ ಮಾಡುತ್ತವೆ. ಅಮೆರಿಕದಲ್ಲಿ ಈ ಕಾಯಿಲೆಗೆ ಪ್ರೆಗಾಬಲಿನ್ 2007ರಲ್ಲಿ, ಡುಲೊಕ್ಸೆಟಿನ್ 2008ರಲ್ಲಿ ಮಂಜೂರಾದವು. ಎಲ್ಲರಿಗೂ ಹಿಡಿಸುವುದಿಲ್ಲ. ಪ್ರೆಗಾಬಲಿನ್‌ನಿಂದ ತಲೆ ತಿರುಗುವುದುಂಟು. ಆ ಮಾತ್ರೆ ಹೊಸದಾಗಿ ಶುರು ಮಾಡಿದವರು ಲೋಕಲ್ಲಿನ ಬಾಗಿಲಲ್ಲಿ ನೇತಾಡಬಾರದು, ಗುಳಿಗೆಯ ಹೊತ್ತನ್ನು ಡಾಕ್ಟರ ಬಳಿ ಕೇಳಿ ರಾತ್ರಿಗೆ ಹಾಕಿಸಿಕೊಳ್ಳುವುದು ವಾಸಿ. ಈ ಮೂರರಲ್ಲಿ ಯಾವುದನ್ನೂ ತಾವಾಗಿ ಥಟ್ಟನೆ ನಿಲ್ಲಿಸಲೂಬಾರದು.

ದಿನಾ ನುಂಗುವ ಡೈಕ್ಲೊಫೆನಾಕ್‌ನಂಥ ನೋವಿನ ಗುಳಿಗೆ ಈ ಕಾಯಿಲೆಗೆ ಅಷ್ಟಾಗಿ ನಾಟುವುದಿಲ್ಲ, ಹೊಟ್ಟೆಗೂ ಮೂತ್ರಪಿಂಡಕ್ಕೂ ಮಾತ್ರ ನಾಟುತ್ತದೆ. ಹೆಸರಿಲ್ಲದ ಪುಡಿ ತಿಂದು ಎರಡೇ ದಿನಕ್ಕೆ ನೋವು ಮಾಯವಾಯಿತೆಂದರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿರಬಹುದೇ ಎಂದು ಅನುಮಾನಿಸಬೇಕು. ನೋವು ಫೈಬ್ರೊಮಯಾಲ್ಜಿಯದ್ದೇ ಆಗಿದ್ದರೆ ಸ್ಟಿರಾಯ್ಡಿಗೆ ಹಾಗೆ ಬಗ್ಗುವುದಿಲ್ಲ, ಬಗ್ಗಿತೆಂದರೆ ಒಳಗಿರುವುದು ಬೇರೆಯೇ ಕಾಯಿಲೆ ಇದ್ದೀತು.

ಒಮ್ಮೆ ಫೈಬ್ರೊಮಯಾಲ್ಜಿಯ ಎಂದು ಬರೆಸಿಕೊಂಡವರಿಗೆ ಬೇರೆ ಕಾಯಿಲೆ ಬರಬಾರದೆಂದೇನೂ ಇಲ್ಲ. ಕೀಲು ಊದಿ ಬೆಳಗ್ಗೆ ಗಂಟೆಗಟ್ಟಲೆ ಬಿಗಿಹಿಡಿದರೆ, ಬಿಡದ ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ, 50 ದಾಟಿದವರಿಗೆ ಹೆಗಲು–ತೊಡೆಗಳ ನೋವು ಹೊಸದಾಗಿ ಶುರುವಾಗಿ ಇಎಸ್‌ಆರ್ ಏರಿದ್ದರೆ ಹಳೆಯ ಚೀಟಿ ನೆಚ್ಚಿ ಕೂರದೆ ಮತ್ತೆ ತಜ್ಞರ ಬಳಿ ಹೋಗಬೇಕು. ಕಾಲಿನ ಬಲ ಕುಗ್ಗುತ್ತಿದ್ದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅಪಾಯಿಂಟ್‌ಮೆಂಟಿಗೂ ಕಾಯುವಂತಿಲ್ಲ, ಅದೇ ದಿನ ಆಸ್ಪತ್ರೆ ಸೇರಬೇಕು. ಉಲ್ಹಾಸನಗರದ ಸರ್ಕಾರಿ ಸೆಂಟ್ರಲ್ ಆಸ್ಪತ್ರೆಯೂ ಕಳ್ವಾದ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆಯೂ ಬದಲಾಪುರಕ್ಕೆ ಪರೇಲಿಗಿಂತ ಹತ್ತಿರ.